ಕುಂಕುಮದ ಮೇಲೆ ಕೆಂಪು ಚುಕ್ಕೆ

"ಇದೇನು ಬೇಟಿ? ನನ್ನ ಅಂಗಡಿಗೆ ಮಾಟ ಮಾಡ್ಸಕ್ಕೆ ಬಂದಿದ್ದೀಯಾ?"

ಸನಾವುಲ್ಲಾ ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಶಿವಾಜಿನಗರದಲ್ಲಿರುವ ಅವರ ಬಂದೂಕಿನ ಅಂಗಡಿಯ ತಾರಸಿ ಮೇಲೆ, ಮೋಟುಗೋಡೆಗೆ ಒರಗಿಸಿಟ್ಟ ಅರ್ಧ ಬೂದುಗುಂಬಳಕಾಯಿ ಇತ್ತು. ಅದರ ಬಿಳಿ ತಿರುಳಿನ ತುಂಬ ಕುಂಕುಮ ಬಳಿದಿತ್ತು. ರಸೆಲ್ ಮಾರ್ಕೆಟ್ಟಿನಿಂದ ಅದನ್ನು ತಂದು, ಕುಯ್ದು, ಬಳಿದವಳು ಪತ್ತೇದಾರಿಣಿ ಪ್ರಿಯಂವದಾ.

"ಮಾಟ ಅಲ್ಲ ಸಾಹೇಬ್ರೇ, ಪರೀಕ್ಷೆ. ಕೋವಿ ಕೊಡಿ."

"ಕೈ ತೊಳ್ಕೊಂಡು ಮುಟ್ಟು. ಕುಂಕುಮ ಮೆತ್ತಿದ್ರೆ ಗಾಜು ಹಾಳಾಗುತ್ತೆ."

ಪಕ್ಕದಲ್ಲಿ ಸುಕನ್ಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ನಿಂತಿದ್ದಳು. ಆಯುಧಪೂಜೆಯ ದಿನ ಮಹದೇವಪುರದ ಕೆರೆಯಂಗಳದಲ್ಲಿ ಅವಳ ಮಾವ ಬೈಲಪ್ಪ ಗುಂಡೇಟಿಗೆ ಸತ್ತಿದ್ದರು. ಹೊಡೆದವನು ನಾನೇ ಎಂದು ಅವಳ ಗಂಡ ಮುನಿರಾಜ್ ಒಪ್ಪಿಕೊಂಡು ಜೈಲಿನಲ್ಲಿದ್ದ. ನಂಬದೆ ಉಳಿದವಳು ಇವಳೊಬ್ಬಳೇ.

"ನಾಳೆ ಚಾರ್ಜ್‌ಶೀಟ್ ಹಾಕ್ತಾರಂತೆ ಮೇಡಂ. ಕೊಲೆ ಅಂತಾನೇ ಹಾಕ್ತಾರಂತೆ. ನಮ್ಮನೆಯವ್ರು ಕೋಳಿ ಕುಯ್ಯೋವಾಗ್ಲೂ ಆ ಕಡೆ ಮುಖ ತಿರುಗಿಸ್ತಾರೆ. ಅವ್ರು ಅಪ್ಪನ್ನ ಹೊಡೀತಾರಾ?"

ಮುಖ ತಿರುಗಿಸಿದವರೆಲ್ಲ ನಿರಪರಾಧಿಗಳಾಗಿದ್ದರೆ ಪೊಲೀಸರಿಗೆ ಕೆಲಸವೇ ಇರುತ್ತಿರಲಿಲ್ಲ. ಅದನ್ನು ಪ್ರಿಯಂವದಾ ಬಾಯಿಬಿಟ್ಟು ಹೇಳಲಿಲ್ಲ. ಆ ಹುಡುಗಿಯ ಕಣ್ಣು ನೋಡಿದರೆ ಹೇಳಲು ಮನಸ್ಸೂ ಬರುತ್ತಿರಲಿಲ್ಲ.

ಸಾಹೇಬರು ತಮ್ಮ ಸ್ವಂತ ಜೋಡುನಳಿಗೆ ಕೋವಿ ತಂದರು. ಕೀಲಿನ ಬಳಿ ಮುರಿದು ತೆರೆದು ತೋರಿಸಿದರು, ಎರಡೂ ನಳಿಗೆ ಖಾಲಿ. ನಳಿಗೆಯ ಬುಡದಲ್ಲಿ ಹಿಡಿಕೆ ಬಿಗಿದು ಕೂರಿಸಿದ್ದ ಕರಿ ಕೊಳವೆಯೊಂದು ಗಾಜುಗಣ್ಣು ಬಿಟ್ಟು ನೋಡುತ್ತಿತ್ತು. ಅದೇ ಗುರಿ ಹಿಡಿಯುವ ರೆಡ್ ಡಾಟ್ ಸೈಟು. ಮಹದೇವಪುರದ ಕಡೆ ಸೈಟು ಎಂದರೆ ಮೂವತ್ತು-ನಲವತ್ತರ ಜಾಗ. ಬೈಲಪ್ಪ ಒಂದು ಹೊಸ ಸೈಟು ತಗೊಂಡೆ ಎಂದಾಗ ಊರವರು ಎಲ್ಲಿ, ಯಾವ ಬಡಾವಣೆ ಎಂದು ಕೇಳಿದ್ದರಂತೆ.

"ಸಿನಿಮಾದಲ್ಲಿ ತೋರಿಸ್ತಾರಲ್ಲ, ಎದುರಿಗಿರೋನ ಹಣೆ ಮೇಲೆ ಕೆಂಪು ಬೆಳಕು ಬೀಳೋದು, ಅದಲ್ಲ ಇದು," ಎಂದರು ಸಾಹೇಬರು. "ಚುಕ್ಕೆ ಇರೋದು ಕೊಳವೆ ಒಳಗೆ. ಹಿಂದೆ ಕಣ್ಣಿಟ್ಟೋನಿಗೆ ಮಾತ್ರ ಕಾಣುತ್ತೆ. ಬೈಲಪ್ಪನೋರಿಗೆ ಕೊಟ್ಟಿದ್ದು ಇದರ ಜೋಡಿ. ಮದ್ರಾಸಿಂದ ಎರಡು ತರಿಸಿದ್ದೆ."

"ಅಗ್ಗದ್ದಾ?"

"ಒಳ್ಳೆ ಕಂಪನಿದು ಒಂದು ಬರೋ ದುಡ್ಡಿಗೆ ಇಂಥವು ಹತ್ತು ಬರ್ತವೆ. ಆದ್ರೂ ವಯಸ್ಸಾದ ಕಣ್ಣಿಗೆ ಇದು ವರ ಬೇಟಿ. ನಳಿಗೆ ತುದಿ ಮಣಿ ಮಸುಕು, ಗುರಿ ಮಸುಕು, ಆ ತಾಪತ್ರಯ ಇಲ್ಲ. ಚುಕ್ಕೆ ಇಟ್ಟ ಕಡೆ ಏಟು."

"ಇಟ್ಟ ಕಡೇನೇ ಬೀಳುತ್ತಾ?"

ಸಾಹೇಬರು ಗಡ್ಡ ಕೆರೆದುಕೊಂಡರು. ಮಾಲು ಮಾರುವವನ ಬಾಯಿ ಒಂದು ಹೇಳುತ್ತಿತ್ತು, ಕೋವಿ ಬಲ್ಲವನ ಮನಸ್ಸು ಇನ್ನೊಂದು.

"ಅಲ್ಲೇ ಪಂಚಾಯ್ತಿ ಇರೋದು. ಬೈಲಪ್ಪನೋರ ಕೋವಿಗೆ ಹಾಕ್ದಾಗ ಎರಡು ಏಟು ಹೊಡ್ದು ಸರಿ ಇದೆ ಅಂತ ಕೊಟ್ಬಿಟ್ಟೆ. ಆಮೇಲೆ ಶೂಟಿಂಗ್ ರೇಂಜಿಗೆ ಹೋಗಿ ಇದನ್ನ ಸರಿಯಾಗಿ ಪರೀಕ್ಷೆ ಮಾಡ್ದೆ. ಸಣ್ಣ ರೈಫಲ್ ಮೇಲೆ ಕಲ್ಲಿನ ಥರ ನಿಂತ್ಕೊಂತು. ತೋಟಾ ಕೋವಿಗೆ ಹಾಕಿ ಒಂಟಿಗುಂಡು ಹೊಡ್ದೆ ನೋಡು, ಒದೆತಕ್ಕೆ ಒಳಗೇನೋ ಜಾರ್ತು. ಚುಕ್ಕೆ ಮಧ್ಯದಲ್ಲೇ ಇದೆ, ಗುಂಡು ಮಾತ್ರ ಎಡಕ್ಕೆ. ಅರವತ್ತು ಹೆಜ್ಜೆಗೆ ಎರಡು ಮೊಳ ಎಡಕ್ಕೆ!"

"ಬೈಲಪ್ಪನವ್ರಿಗೆ ಹೇಳಿದ್ರಾ?"

"ಹೇಳಿ ಕಳಿಸ್ದೆ. ಆಯುಧಪೂಜೆ ಸಂಜೆ, ದೀಪ ಹಚ್ಚೋ ಹೊತ್ತಿಗೆ ಮುನಿರಾಜ್ ಬಂದಿದ್ದ. ಪ್ರತಿ ವರ್ಷ ಬರ್ತಾನೆ, ಪುರಿ, ಬಾಳೆಹಣ್ಣು ಕೊಡಕ್ಕೆ. ಅಪ್ಪಂಗೆ ಹೇಳಪ್ಪಾ, ಅದನ್ನ ವಾಪಸ್ ತಂದ್ಕೊಡ್ಲಿ, ಎಡಕ್ಕೆ ಹೊಡೀತಿದೆ ಅಂದೆ. ಸರಿ ಚಾಚಾ ಅಂತ ನಗ್ತಾ ಹೋದ. ಪೊಲೀಸ್ರಿಗೂ ಹೇಳ್ದೆ ಇದನ್ನ. ಅವ್ರೇನಂದ್ರು ಗೊತ್ತಾ? ಮಧ್ಯಾಹ್ನ ಅಪ್ಪನ್ನ ಕೊಂದು ಸಂಜೆ ಪುರಿ ಹಂಚಿದಾನೆ, ಎಂಥ ಕಟುಕ ನೋಡಿ ಅಂದ್ರು."

ಸುಕನ್ಯ ಮೋಟುಗೋಡೆಯ ಕಡೆ ತಿರುಗಿಕೊಂಡಳು. ಕೆಳಗೆ ಬಸ್ ನಿಲ್ದಾಣದಲ್ಲಿ ಕಂಡಕ್ಟರೊಬ್ಬ ಹಲಸೂರು, ಹಲಸೂರು ಎಂದು ಅರಚುತ್ತಿದ್ದ.

ಪ್ರಿಯಂವದಾ ಕೈಚೀಲದಿಂದ ಒಂದು ಫೋಟೊ ತೆಗೆದಳು. ಪೊಲೀಸ್ ಫೋಟೊಗ್ರಾಫರ್ ತೆಗೆದದ್ದು, ಲಾಯರ್ ಮೂಲಕ ಬಂದದ್ದು. ಕೆರೆ ಏರಿಯ ಹುಲ್ಲಿನ ಮೇಲೆ ಕೋವಿ ಬಿದ್ದಿತ್ತು, ಇನ್ನೂ ಯಾರ ಕೈಯೂ ಮುಟ್ಟಿರಲಿಲ್ಲ. ಹಿಡಿಯ ಮೇಲೆ ವಿಭೂತಿ ಪಟ್ಟೆ, ನಳಿಗೆಗೆ ಕುಂಕುಮದ ಬೊಟ್ಟು.

"ಹಬ್ಬದ ದಿನ ಈ ಕೋವಿ ಹೊರಗೆ ಬಂದಿದ್ದೇ ನಂಗೆ ಆಶ್ಚರ್ಯ," ಎಂದಳು ಸುಕನ್ಯ. "ಪೂಜೆಗಿಟ್ಟ ಮೇಲೆ ಮಾರನೇ ದಿನದವರ್ಗೂ ಅತ್ತೆ ಯಾರಿಗೂ ಮುಟ್ಟಕ್ಕೆ ಬಿಡಲ್ಲ. ಅವ್ರೇ ಎತ್ತಿ ಮಾವನ ಕೈಗೆ ಕೊಡ್ಬೇಕು."

"ಅದು ಅಸಲಿಗೆ ಇವಳ ಅತ್ತೆ ಮಾರಕ್ಕನ ತಂದೆ ಕೋವಿ," ಎಂದರು ಸಾಹೇಬರು. "ರಾಗಿ ಹೊಲಕ್ಕೆ ಹಂದಿ ಬರ್ತಿದ್ದ ಕಾಲದ್ದು. ಬೈಲಪ್ಪನೋರಿಗೆ ಅಳಿಯತನದಲ್ಲಿ ಬಂತು."

ಪ್ರಿಯಂವದಾಳ ಗಮನ ಫೋಟೊದಲ್ಲಿದ್ದ ಸೈಟಿನ ಗುಬುಟಿನ ಮೇಲಿತ್ತು. ಚುಕ್ಕೆಯ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಗುಬುಟು ಅದು. ಸೊನ್ನೆಯಿಂದ ಹನ್ನೊಂದರವರೆಗೆ ಅಂಕಿಗಳಿದ್ದವು. ಫೋಟೊದಲ್ಲಿ ಅದು ಎರಡರ ಮೇಲೆ ನಿಂತಿತ್ತು. ಹೊಡೆದವರು ಆರಿಸುವುದನ್ನೂ ಮರೆತು ಓಡಿದ್ದರು.

ಸಾಹೇಬರ ಕೋವಿಯ ಗುಬುಟನ್ನು ಅವಳೂ ಎರಡಕ್ಕೆ ತಿರುಗಿಸಿದಳು. ತಾರಸಿ ಮೆಟ್ಟಿಲ ಕತ್ತಲೆಗೆ ಇಳಿದು ಕಣ್ಣಿಟ್ಟಳು. ದೇವರ ಮನೆಯ ಊದುಬತ್ತಿಯ ಕೆಂಡದಷ್ಟು ಚೊಕ್ಕವಾದ ಚುಕ್ಕೆ ಕಂಡಿತು.

ಮತ್ತೆ ಬಿಸಿಲಿಗೆ ಬಂದಳು. ನೆತ್ತಿ ಸುಡುವ ಬಿಸಿಲು. ಕಣ್ಣಿಟ್ಟಳು.

ಚುಕ್ಕೆ ಇರಲಿಲ್ಲ.

ಕನ್ನಡಕ ತೆಗೆದು ನೋಡಿದಳು. ಹಾಕಿಕೊಂಡು ನೋಡಿದಳು. ಇರಲಿಲ್ಲ. ಮೂರು, ನಾಲ್ಕು, ಐದು ಎಂದು ಏರಿಸುತ್ತ ಹೋದಳು. ಹತ್ತು ದಾಟಿದ ಮೇಲೆ ಎದುರಿನ ಸುಣ್ಣದ ಗೋಡೆಯ ಮೇಲೆ ಚುಕ್ಕೆ ಮೂಡಿತು.

"ಸಾಹೇಬ್ರೇ, ಮಧ್ಯಾಹ್ನದ ಬಿಸಿಲಲ್ಲಿ ಎರಡಕ್ಕಿಟ್ಟು ಯಾರಾದ್ರೂ ಗುರಿ ಹಿಡೀತಾರಾ?"

"ಕುರುಡ ಹಿಡೀಬಹುದು. ಎರಡು ಇರೋದು ಸಂಜೆ ಮಬ್ಬಿಗೆ. ಮಬ್ಬಲ್ಲಿ ಹನ್ನೊಂದಿಟ್ರೆ ಕಣ್ಣು ಕುಕ್ಕುತ್ತೆ."

ಇನ್ನು ಬೂದುಗುಂಬಳದ ಸರದಿ. ಪ್ರಿಯಂವದಾ ಗುಬುಟನ್ನು ಹನ್ನೊಂದರಲ್ಲೇ ಬಿಟ್ಟು ಚುಕ್ಕೆಯನ್ನು ಮೆಲ್ಲನೆ ಗೋಡೆಯಿಂದ ಕಾಯಿಯ ಮೇಲೆ ಸರಿಸಿದಳು. ಬಿಳಿ ಅಂಚಿನ ಮೇಲೆ ಇತ್ತು. ಕುಂಕುಮಕ್ಕೆ ಬಂತು, ಕರಗಿಹೋಯಿತು. ಸರಿಸಿದಳು, ಕಂಡಿತು. ಮತ್ತೆ ತಂದಳು, ಮಾಯ.

"ಸುಕನ್ಯ, ನೀನೇ ನೋಡಮ್ಮ."

ಸುಕನ್ಯ ಹೆದರುತ್ತಲೇ ನೋಡಿದಳು. "ಕಾಣ್ತಾ ಇಲ್ಲ ಮೇಡಂ. ಕೆಂಪಿನ ಮೇಲೆ ಕೆಂಪು, ಹೆಂಗೆ ಕಾಣುತ್ತೆ?"

"ನಿನ್ನ ಗಂಡನಿಗೆ ಕಂಡಿತ್ತಂತೆ. ಲಾರಿಗೆ ಒಡೆದು ಮಿಕ್ಕಿದ ಬೂದುಗುಂಬಳ ಏರಿ ಮೇಲಿಟ್ಟಿದ್ದೆ, ಅದರ ಕುಂಕುಮದ ಮೇಲೆ ಕೆಂಪು ಚುಕ್ಕೆ ಚೆನ್ನಾಗಿ ಕಾಣ್ತಿತ್ತು, ಕೋವಿ ಕುದುರೆ ಎಳೆದೆ, ಅಪ್ಪ ಅಡ್ಡ ಬಂದ್ರು. ಇದು ಅವನ ಹೇಳಿಕೆ. ಈ ಸೈಟಿನೊಳಗೆ ಒಂದೇ ಒಂದು ಸಲ ಇಣುಕಿದವನೂ ಹಾಗೆ ಹೇಳಲ್ಲ. ಹಬ್ಬದ ದಿನ ಕಣ್ಣಿಗೆ ಬಿದ್ದದ್ದನ್ನ ಸೇರಿಸಿ ಕತೆ ಕಟ್ಟಿದಾನೆ ಅಷ್ಟೆ."

"ಅಂದ್ರೆ ಅವ್ರು ಹೊಡ್ದಿಲ್ಲ?"

"ಗುಂಡು ಹಾರಿದ್ದು ಸಂಜೆ ಮಬ್ಬಲ್ಲಿ. ಆಗ ಮುನಿರಾಜ್ ಈ ಅಂಗಡಿಯಲ್ಲಿ ಪುರಿ ಹಂಚ್ತಿದ್ದ. ಪಟಾಕಿ ಸದ್ದಲ್ಲಿ ಊರಿಗೆ ಏಟು ಕೇಳಿಸ್ಲಿಲ್ಲ. ಮನೆಗೆ ಬಂದ ಮೇಲೆ ಯಾರನ್ನೋ ಉಳಿಸಕ್ಕೆ ಹೊತ್ತನ್ನ ಮಧ್ಯಾಹ್ನಕ್ಕೆ ಹಿಂದೆ ತಳ್ಳಿದಾನೆ."

ಸುಕನ್ಯ ಮೋಟುಗೋಡೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ಅತ್ತಳು, ಅಳುತ್ತಲೇ ನಕ್ಕಳು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದರೆ ಮನುಷ್ಯರು ಹಾಗೇ ಮಾಡುವುದು. ಸಾಹೇಬರು ಹೂಜಿಯ ನೀರು ತಂದುಕೊಟ್ಟರು.

"ಮಧ್ಯಾಹ್ನ ನನ್ನ ಕಣ್ಣಾರೆ ನೋಡ್ದೆ ಅಂತ ಸಾಕ್ಷಿ ಹೇಳಿದ್ದು ನಿಮ್ಮ ಚಿಕ್ಕಮಾವ ಅಲ್ವಾ?" ಎಂದಳು ಪ್ರಿಯಂವದಾ. "ನಡೀರಿ, ಅವರ ಕಣ್ಣನ್ನೂ ಪರೀಕ್ಷೆ ಮಾಡೋಣ. ಸಾಹೇಬ್ರೇ, ಕೋವಿ ತಗೊಳ್ಳಿ. ತೋಟಾ ಒಂದೂ ಬೇಡ."

ಸಾಹೇಬರ ಹಳೇ ಓಮ್ನಿ ಹಲಸೂರು ದಾಟಿ, ಹಳೇ ಮದ್ರಾಸ್ ರಸ್ತೆ ಹಿಡಿದು, ಕೃಷ್ಣರಾಜಪುರದ ತೂಗುಸೇತುವೆ ಬಳಿ ಲಾರಿಗಳ ನಡುವೆ ಬೆವರಿ, ಮಹದೇವಪುರ ಮುಟ್ಟುವಷ್ಟರಲ್ಲಿ ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು. ಬಿಸಿಲು ಮಾತ್ರ ಹಾಗೇ ಇತ್ತು. ಪ್ರಿಯಂವದಾಗೆ ಬೇಕಾಗಿದ್ದದ್ದೂ ಅದೇ.

ಬೈಲಪ್ಪನ ಮನೆಯ ಹಿತ್ತಲು ದಾಟಿದರೆ ಕೆರೆ ಏರಿ, ಏರಿ ಇಳಿದರೆ ಒಣಗಿದ ಕೆರೆಯಂಗಳ. ಆಚೆ ದಡದಲ್ಲಿ ರಿಂಗ್ ರೋಡಿನ ಗಾಜಿನ ಕಟ್ಟಡಗಳು ಬಿಸಿಲನ್ನು ಎತ್ತಿ ಎತ್ತಿ ಎಸೆಯುತ್ತಿದ್ದವು. ಈಚೆ ಜಾಲಿ ಗಿಡಗಳ ಮಧ್ಯೆ ಒಂದು ನಾಯಿಯೂ ಇರಲಿಲ್ಲ. ಹೆಣ ಬಿದ್ದ ಜಾಗಕ್ಕೆ ಪೊಲೀಸರು ಸುರಿದಿದ್ದ ಸುಣ್ಣದ ಗೆರೆ ಅರ್ಧ ಅಳಿಸಿಹೋಗಿತ್ತು.

ಏರಿಯ ಮೇಲೆ, ಹೊಂಗೆ ನೆರಳಲ್ಲಿ, ಮಾರಕ್ಕ ಕೂತಿದ್ದಳು. ಬೋಳು ಹಣೆ, ಬರಿಗೈ. ಗಂಡ ಸತ್ತ ಜಾಗವನ್ನು ದಿನಾ ಬಂದು ನೋಡುತ್ತಾಳೆ, ಯಾರು ಕರೆದರೂ ಏಳುವುದಿಲ್ಲ ಎಂದು ಸುಕನ್ಯ ದಾರಿಯಲ್ಲೇ ಹೇಳಿದ್ದಳು. ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದು ಮಸುಕು. ಪ್ರಿಯಂವದಾ ಕೈ ಮುಗಿದಳು. ಮಾರಕ್ಕ ನೋಡಿದಳೋ ಇಲ್ಲವೋ, ತಿಳಿಯಲಿಲ್ಲ.

ಶ್ರೀರಾಮಪ್ಪ ಬಂದದ್ದು ಫೋನಿನಲ್ಲಿ ಜೋರಾಗಿ ಮಾತಾಡುತ್ತ. ಸತ್ತ ಬೈಲಪ್ಪನ ಒಡಹುಟ್ಟಿದ ತಮ್ಮ. ಗರಿಗರಿ ಬಿಳಿ ಶರ್ಟು, ಕುತ್ತಿಗೆಗೆ ಚಿನ್ನದ ಸರ. ಅಣ್ಣ ಸತ್ತ ದುಃಖ ಸರದ ಕೆಳಗೆ ಎಲ್ಲೋ ಇದ್ದಿರಬೇಕು.

"ಏನ್ ಮೇಡಂ, ಇನ್ನೇನ್ ಪತ್ತೆ ಮಾಡೋದೈತೆ? ಮಾಡ್ದೋನೇ ಒಪ್ಕಂಡವ್ನೆ."

"ಒಂದೇ ನಿಮಿಷ ಶ್ರೀರಾಮಪ್ಪನವ್ರೇ. ಅವತ್ತು ನೀವೆಲ್ಲಿದ್ರಿ?"

"ಅಲ್ಲಿ, ಆ ಜಾಲಿ ಮರದತ್ರ. ಮುನಿರಾಜ ಏರಿ ಮ್ಯಾಲಿದ್ದ. ಅಣ್ಣ ಇಲ್ಲಿ. ಸುಡೋ ಬಿಸ್ಲು. ಬೆಳಿಗ್ಗೆಯಿಂದ ಅಪ್ಪ ಮಗಂಗೆ ಜಗಳ. ಕೋವಿ ಎತ್ತಿ ಗುರಿ ಇಟ್ಟ, ಹೊಡ್ದ. ಕಣ್ಣಾರೆ ನೋಡ್ದೆ."

"ಜಗಳ ಆಗಿರ್ಲಿಲ್ಲ!" ಎಂದಳು ಸುಕನ್ಯ. "ಚಿಕ್ಕಮಾವ, ದೇವರಾಣೆ ಹೇಳಿ, ಜಗಳ ಆಗಿತ್ತಾ?"

"ನೀನು ಸುಮ್ನಿರವ್ವ."

ಪ್ರಿಯಂವದಾ ಗುಬುಟನ್ನು ಮತ್ತೆ ಎರಡಕ್ಕೆ ಇಳಿಸಿ ಕೋವಿಯನ್ನು ಅವನ ಕೈಗೆ ಕೊಟ್ಟಳು. "ಇದು ಖಾಲಿ. ನಿಮ್ಮಣ್ಣನ ಕೋವಿ ಮೇಲಿದ್ದಂಥದೇ ಸೈಟು, ಆ ದಿನ ಇದ್ದ ಅಂಕೀಲೇ ಇಟ್ಟಿದೀನಿ. ಒಳಗೆ ನೋಡಿ. ಚುಕ್ಕೆ ಕಾಣ್ತಿದೆಯಾ ಹೇಳಿ."

ಅವನು ಕೋವಿ ಹಿಡಿದ ರೀತಿಯಲ್ಲೇ ಅರ್ಧ ಉತ್ತರ ಸಿಕ್ಕಿತು. ಹಿಡಿಯನ್ನು ಕಂಕುಳಿಗೆ ತುರುಕಿದ. ಬಲಗಡೆ ಕೋವಿ, ಮುಚ್ಚಿದ್ದೂ ಬಲಗಣ್ಣೇ. ಕೊಳವೆಯೊಳಗೆ ಇಣುಕಲು ಕತ್ತು ಕೊಕ್ಕರೆಯ ಹಾಗೆ ಚಾಚಿದ. ಸಾಹೇಬರು ಮುಖ ಆಚೆ ಮಾಡಿ ಕೆಮ್ಮಿದರು.

"ಏನೂ ಇಲ್ವಲ್ಲ. ಬ್ಯಾಟ್ರಿ ಸತ್ತೋಗೈತೆ."

"ಬ್ಯಾಟರಿ ಚೆನ್ನಾಗಿದೆ. ಬಿಸಿಲಲ್ಲಿ ಕಾಣಲ್ಲ, ಅಷ್ಟೆ. ಮುನಿರಾಜ್‌ಗೂ ಕಂಡಿರಲ್ಲ. ಗುಂಡು ಹಾರಿದ್ದು ಸಂಜೆ ಶ್ರೀರಾಮಪ್ಪನವ್ರೇ. ನೀವು ಮಧ್ಯಾಹ್ನ ನೋಡಿದ್ದು ಏನನ್ನ?"

ಅವನ ಕತ್ತಿನ ಮೇಲೆ ಬೆವರು ಸರದ ಗುಂಟ ಇಳಿಯಿತು.

"ಸಂಜೇನೇ ಇರ್ಬೋದು. ಗಾಬ್ರೀಲಿ ಹೊತ್ತು ಯಾರ್ ನೋಡ್ತಾರೆ?"

"ಸುಡೋ ಬಿಸಿಲು ಅಂದ್ರಿ ಈಗ ತಾನೆ. ಸಂಜೆ ಮುನಿರಾಜ್ ಶಿವಾಜಿನಗರದಲ್ಲಿದ್ದ, ಸಾಕ್ಷಿ ಇಲ್ಲೇ ನಿಂತಿದಾರೆ. ಅಣ್ಣನ ಮಗನ್ನ ಗಲ್ಲಿಗೆ ಕಳಿಸಿ ಯಾರನ್ನ ಉಳಿಸ್ತಿದೀರಿ? ನಿಮ್ಮನ್ನೇನಾ?"

"ನಾನ್ ಹೊಡೀಲಿಲ್ಲ! ನಮ್ಮ ತಾಯಾಣೆ ನಾನ್ ಹೊಡೀಲಿಲ್ಲ!"

ಆ ಕೂಗಿನಲ್ಲಿ ನಿಜವಿತ್ತು. ಪ್ರಿಯಂವದಾಗೆ ಮೊದಲ ಸಲ ಅಳುಕಾಯಿತು. ಕೋವಿಯನ್ನು ನೆಟ್ಟಗೆ ಹಿಡಿಯಲೂ ಬಾರದ ಈ ಮನುಷ್ಯ, ಮಬ್ಬಿನಲ್ಲಿ ಒಂಟಿಗುಂಡಿನಿಂದ ಒಬ್ಬನನ್ನು ಕೆಡವಲಾರ. ಇವನಲ್ಲದಿದ್ದರೆ?

"ತತ್ತಾ ಇಲ್ಲಿ."

ಮಾರಕ್ಕ ಏರಿಯಿಂದ ಇಳಿದು ಬಂದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಕೈ ಚಾಚಿ ನಿಂತಿದ್ದಳು. ಶ್ರೀರಾಮಪ್ಪ ಕೊಡಲಿಲ್ಲ. ಅವಳೇ ಅವನ ಕೈಯಿಂದ ಕೋವಿಯನ್ನು ಬಿಡಿಸಿಕೊಂಡಳು, ಮಗುವಿನ ಕೈಯಿಂದ ಕುಡುಗೋಲು ಬಿಡಿಸಿಕೊಳ್ಳುವ ಹಾಗೆ.

"ಅತ್ತೆ, ಬೇಡ, ಭಾರ ಐತೆ," ಎಂದಳು ಸುಕನ್ಯ.

ಮಾರಕ್ಕ ಮೊದಲು ಕೋವಿಯನ್ನು ಮುರಿದಳು. ಎರಡು ನಳಿಗೆಯೊಳಗೂ ನೋಡಿದಳು. ಟಕ್ಕೆಂದು ಮುಚ್ಚಿದಳು. ಸನಾವುಲ್ಲಾ ಸಾಹೇಬರ ಕೆಮ್ಮು ನಿಂತುಹೋಯಿತು. ಹೊಸಬರು ಯಾರೂ ಹಾಗೆ ಮಾಡುವುದಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಕೈಯಲ್ಲಿ ಕಲಿತವರು ಮಾತ್ರ ಖಾಲಿ ಎಂದು ನಾಲ್ಕು ಜನ ಹೇಳಿದರೂ ಮುರಿದು ನೋಡುತ್ತಾರೆ.

ಅವಳ ಹೆಬ್ಬೆರಳು ಹುಡುಕದೆ, ತಡಕದೆ ಸೈಟಿನ ಗುಬುಟಿಗೆ ಹೋಯಿತು. ಗ್ಯಾಸ್ ಒಲೆಯ ಗುಬುಟು ತಿರುಗಿಸಿದಷ್ಟು ಸಲೀಸಾಗಿ ಕೊನೆಯವರೆಗೆ ತಿರುಗಿಸಿತು.

"ಬಿಸ್ಲಾಗೆ ಹಿಂಗೆ ಏರಿಸ್ಕಬೇಕು," ಎಂದಳು.

ಸುಕನ್ಯಳ ಮುಖದಲ್ಲಿ ತಾರಸಿಯ ಮೇಲೆ ಮೂಡಿದ್ದ ಬೆಳಕು ಆರಿತು. ಅವಳು ಪ್ರಿಯಂವದಾಳ ಮುಂಗೈ ಹಿಡಿದಳು, ಉಗುರು ನಾಟುವಷ್ಟು ಗಟ್ಟಿಯಾಗಿ.

"ಮೇಡಂ, ಸಾಕು ಮೇಡಂ. ವಾಪಸ್ ಹೋಗೋಣ."

"ಸುಕನ್ಯ..."

"ನಮ್ಮನೆಯವ್ರು ಯಾಕೆ ಒಪ್ಕೊಂಡ್ರು ಅಂತ ಈಗ ಗೊತ್ತಾಯ್ತು. ಗೊತ್ತಾಗ್ಬಾರ್ದಿತ್ತು."

ಪ್ರಿಯಂವದಾಗೂ ಗೊತ್ತಾಗಿತ್ತು, ತಡವಾಗಿ. ಪೂಜೆಗಿಟ್ಟ ಕೋವಿಯನ್ನು ಎತ್ತುವ ಹಕ್ಕು ಆ ಮನೆಯಲ್ಲಿ ಒಬ್ಬಳಿಗೇ ಇತ್ತು. ಸುಕನ್ಯ ತಾರಸಿಯ ಮೇಲೇ ಹೇಳಿದ್ದಳು, ತಾನೇ ಕಿವಿ ಕೊಟ್ಟಿರಲಿಲ್ಲ. ಗಂಡನನ್ನು ಬಿಡಿಸಲು ಬಂದ ಹುಡುಗಿಯ ಕೈಗೆ ತಾನು ಕೊಟ್ಟದ್ದು ಅತ್ತೆಯ ಕುತ್ತಿಗೆಯ ಹಗ್ಗ. ಅದನ್ನು ಬಿಟ್ಟರೆ ಗಂಡ ಹೋಗುತ್ತಾನೆ, ಎಳೆದರೆ ಗಂಡ ಯಾರಿಗಾಗಿ ಜೈಲು ಸೇರಿದನೋ ಆ ತಾಯಿ ಹೋಗುತ್ತಾಳೆ.

ಮಾರಕ್ಕ ಕೋವಿಯನ್ನು ಭುಜಕ್ಕೇರಿಸಿದಳು. ನಳಿಗೆ ಕೆರೆಯಂಗಳದ ಮೇಲೆ ಮೆಲ್ಲಗೆ ಸರಿಯುತ್ತ ಬಂದು, ಗರಿಗರಿ ಬಿಳಿ ಶರ್ಟಿನ ಮುಂದೆ ನಿಂತಿತು.

ಖಾಲಿ ಕೋವಿ. ಖಾಲಿ ಎಂದು ಅಲ್ಲಿದ್ದ ಐವರಿಗೂ ಗೊತ್ತು. ಆದರೂ ಶ್ರೀರಾಮಪ್ಪ ಮಣ್ಣಿನಲ್ಲಿ ಕುಸಿದು, ಎರಡೂ ಕೈಗಳನ್ನು ಮುಖಕ್ಕೆ ಅಡ್ಡ ಹಿಡಿದ.

"ಅತ್ಗೆ, ಬ್ಯಾಡ! ಇನ್ನೊಂದು ಕಿತ ಬ್ಯಾಡ! ನಿನ್ ಕಾಲಿಗ್ ಬೀಳ್ತೀನಿ ಅತ್ಗೆ!"

ಇನ್ನೊಂದು ಕಿತ. ಆ ಮಾತು ಬಾಯಿಂದ ಬಿದ್ದಮೇಲೆ ಅವನೇ ಬಾಯಿ ಮುಚ್ಚಿಕೊಂಡ.

ಮಾರಕ್ಕ ಕಣ್ಣನ್ನು ಗಾಜಿನಿಂದ ತೆಗೆಯಲಿಲ್ಲ. ದನಿ ಏರಿಸಲೂ ಇಲ್ಲ.

"ಅವತ್ತೂ ನಮ್ಮಪ್ಪನ ರಾಗಿ ಹೊಲ ಮಾರ್ಸಕ್ಕೆ ನೀನು ಅಣ್ಣನ ಪಕ್ಕ ಹಿಂಗೇ ನಿಂತಿದ್ದೆ ಕಣೋ, ಶ್ರೀರಾಮ. ಚುಕ್ಕೆ ಇಟ್ಟಿದ್ದು ನಿನ್ನ ಎದೆ ಮ್ಯಾಲೆ. ಸರ್ಯಾಗೇ ಇಟ್ಟಿದ್ದೆ. ನಮ್ಮ ಯಜಮಾನ್ರು ಯಾಕೆ ಬಿದ್ರು ಅಂತ ದಿನಾ ಇಲ್ಲಿ ಕೂತ್ಕಂಡು ಯೋಚ್ನೆ ಮಾಡ್ತೀನಿ. ಇನ್ನೂ ತಿಳೀವಲ್ದು."

ಪ್ರಿಯಂವದಾ ತಿರುಗಿ ನೋಡಿದಳು. ಉತ್ತರ ಗೊತ್ತಿದ್ದ ಸನಾವುಲ್ಲಾ ಸಾಹೇಬರು ನೆಲ ನೋಡುತ್ತ ನಿಂತಿದ್ದರು.